ಕಳುವಾಗಿದ್ದಕ್ಕೇ ಹೆಸರಾದಳೇ ಮೋನಾಲಿಸಾ?

ಹಾಸನದ ಓದುಗರಿಗೆ ನಮಸ್ಕಾರ.

ಮಗನ ಜೊತೆ ಪ್ಯಾರಿಸ್‌ಗೆ ಹೋಗಿ, ಲೂವ್ರ್ ಮ್ಯೂಸಿಯಂನ ನೂಕುನುಗ್ಗಲಲ್ಲಿ ನಿಂತು, ಕೊನೆಗೆ ಗಾಜಿನ ಹಿಂದೆ ಕ್ಯಾಲೆಂಡರ್‌ನಷ್ಟು ಚಿತ್ರ ನೋಡಿ ಬಂದೆ, 1911ರಲ್ಲಿ ಕಳುವಾಗದಿದ್ದರೆ ಇವಳನ್ನು ಯಾರು ಕೇಳುತ್ತಿದ್ದರು ಅಂತ ಬರೆದಿದ್ದೀರಿ. ನಿಮ್ಮ ಬೇಸರ ಸುಳ್ಳಲ್ಲ. ಚಿತ್ರ ಬರೆದ ಮರದ ಹಲಗೆ ಇರುವುದೇ 77 ಸೆಂಟಿಮೀಟರ್ ಎತ್ತರ, 53 ಅಗಲ. ಎದುರುಗೋಡೆಯಲ್ಲಿ ಇಟಲಿಯ ಚಿತ್ರಕಾರ ವೆರೊನೇಸೆ ಬರೆದ ಮದುವೆ ಊಟದ ಚಿತ್ರವಿದೆ, ಸುಮಾರು 10 ಮೀಟರ್ ಅಗಲ. ಪಾಪ, ಎಲ್ಲರೂ ಅದಕ್ಕೆ ಬೆನ್ನು ಹಾಕಿಯೇ ನಿಂತಿರುತ್ತಾರೆ.

ಕಳುವಿನ ಮಾತು ಅರ್ಧ ನಿಜ. ಆಗಸ್ಟ್ 21, ಸೋಮವಾರ, ಮ್ಯೂಸಿಯಂಗೆ ರಜೆ. ಹಿಂದೆ ಅಲ್ಲೇ ಗಾಜಿನ ಕೆಲಸ ಮಾಡಿದ್ದ ಇಟಲಿಯ ಪೆರೂಜಾ ಚಿತ್ರ ಇಳಿಸಿ, ಚೌಕಟ್ಟನ್ನು ಮೆಟ್ಟಿಲ ಹತ್ತಿರ ಬಿಟ್ಟು, ಹಲಗೆಯೊಂದಿಗೆ ಸುಮ್ನೆ ನಡೆದುಹೋದ. ಗುಲ್ಲಾಗಿದ್ದು ಮರುದಿನ. ಅನುಮಾನದ ಮೇಲೆ ಕವಿ ಅಪೊಲಿನೇರ್ ಜೈಲು ಕಂಡ, ಪಿಕಾಸೊನನ್ನೂ ವಿಚಾರಿಸಿದರು. ಪತ್ರಿಕೆಗಳಲ್ಲೆಲ್ಲ ಅವಳದೇ ಮುಖ. ಚಿತ್ರವಿಲ್ಲದ ಖಾಲಿ ಗೋಡೆ ನೋಡಲೂ ಜನ ಸಾಲುಗಟ್ಟಿದರು! ಎರಡು ವರ್ಷ ಅವಳು ಅದೇ ಊರಲ್ಲಿ, ಪೆರೂಜಾನ ಕೋಣೆಯಲ್ಲೇ ಇದ್ದಳು. 1913ರ ಡಿಸೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದ.

ಆದರೆ ಬೆಲ್ಜಿಯಂನ ಗೆಂಟ್ ಊರಿನ ಚರ್ಚಿನಿಂದ ಚಿತ್ರಕಾರರಾದ ವ್ಯಾನ್ ಐಕ್ ಸೋದರರ ಒಂದು ಚಿತ್ರದ ಹಲಗೆ 1934ರಲ್ಲಿ ಕಳುವಾಯಿತು, ಇವತ್ತಿಗೂ ಸಿಕ್ಕಿಲ್ಲ. ಅದರ ಹೆಸರು ನೀವು ಕೇಳಿದ್ದೀರಾ? ನಮ್ಮ ಮೋನಾಲಿಸಾಗೆ ಕಳ್ಳ ಬರುವ ಮೊದಲೇ ಹೆಸರಿತ್ತು. ನೆಪೋಲಿಯನ್ ಅವಳನ್ನು ತನ್ನ ಮಲಗುವ ಕೋಣೆಯಲ್ಲಿ ತೂಗುಹಾಕಿಸಿಕೊಂಡಿದ್ದ. ಅದಕ್ಕೂ ಎಷ್ಟೋ ಮೊದಲು, 1550ರಲ್ಲಿ, ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಅವಳ ಹುಬ್ಬಿನ ಕೂದಲನ್ನೂ ಬಿಡದೆ ವರ್ಣಿಸಿದ್ದ. ತಮಾಷೆ ಅಂದರೆ ಈಗ ಆ ಮುಖದಲ್ಲಿ ಹುಬ್ಬೇ ಕಾಣುವುದಿಲ್ಲ.

ನನ್ನನ್ನು ಕೇಳಿದರೆ, ಗುಟ್ಟು ಇರುವುದು ತುಟಿಯ ಅಂಚಿನಲ್ಲಿ. ಅಲ್ಲಿ ಚಿತ್ರ ಬರೆದ ಲಿಯೊನಾರ್ಡೊ ಗೆರೆಯನ್ನೇ ಎಳೆದಿಲ್ಲ. ತೆಳ್ಳಗಿನ ಎಣ್ಣೆಬಣ್ಣವನ್ನು ಪದರದ ಮೇಲೆ ಪದರ ಹಚ್ಚಿ, ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ತಿಳಿಯದ ಹಾಗೆ ಮಾಡಿದ್ದಾನೆ. 1503ರ ಸುಮಾರಿಗೆ ಶುರು ಮಾಡಿದ ಚಿತ್ರ, ವರ್ಷಗಟ್ಟಲೆ ಕೈಬಿಡಲಿಲ್ಲ.

ಒಂದು ಕೆಲಸ ಮಾಡಿ. ಫೋನಿನಲ್ಲಿ ಚಿತ್ರ ತೆರೆದು, ಮೊದಲು ಅವಳ ಕಣ್ಣನ್ನೇ ನೋಡಿ. ನಗುತ್ತಿದ್ದಾಳೆ, ಅಲ್ವಾ? ಈಗ ನೇರ ತುಟಿ ನೋಡಿ. ನಗು ಜಾರಿಹೋಗುತ್ತದೆ. ಮಬ್ಬು ನೆರಳು ನಮ್ಮ ಓರೆಗಣ್ಣಿಗೇ ಜಾಸ್ತಿ ಕಾಣುವುದು, ನೇರ ನೋಟ ಸಣ್ಣ ವಿವರ ಹುಡುಕುತ್ತದೆ. ಆ ಜನಜಂಗುಳಿಯಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಸಿಗಬೇಕು. ಮಗನಿಗೂ ಹೇಳಿ, ಅವನಿಗೆ ಹೇಗೆ ಕಂಡಿತು ಅಂತ ಬರೆಯಿರಿ.

— ಸಂಪಾದಕ