ಓಪನ್‌ಸ್ಟ್ಯಾಕ್ ಕ್ಲೌಡ್‌ಗೆ ಫೊರೆನ್ಸಿಕ್ ವಿಶ್ಲೇಷಣೆಯ ಸೌಲಭ್ಯ ಸೇರಿಸುವಾಗ ಎಲ್ಲಿಂದ ಆರಂಭಿಸಬೇಕು?

ವರ್ಚುವಲ್ ಯಂತ್ರಗಳನ್ನು (ವಿಎಂ) ನಡೆಸುವ ಹೈಪರ್‌ವೈಸರ್ ಮಟ್ಟದಲ್ಲಿ, ಅವುಗಳ ಮೆಮೊರಿಯನ್ನು ಹೊರಗಿನಿಂದ ಓದುವ ಲಿಬ್‌ವಿಎಂಐ ಅಳವಡಿಸಬೇಕೋ, ಡ್ಯಾಶ್‌ಬೋರ್ಡ್‌ನಲ್ಲೇ ಮೆಮೊರಿಯ ಪ್ರತಿಯನ್ನು ವಿಶ್ಲೇಷಿಸುವ ವೊಲಾಟಿಲಿಟಿ ಎಂಬ ಸಾಧನ ಓಡಿಸುವ ಗುಂಡಿ ಕೊಡಬೇಕೋ ಎಂದು ಕೇಳಿದ್ದೀರಿ. ಎರಡೂ ಬೇಡ. ವಿಶ್ಲೇಷಣೆ ಕ್ಲೌಡ್ ವೇದಿಕೆಯ ಕೆಲಸವೇ ಅಲ್ಲ; ಸಾಕ್ಷ್ಯವನ್ನು ಕೆಡದಂತೆ ಸಂಗ್ರಹಿಸಿ, ಅದು ಕೆಟ್ಟಿಲ್ಲವೆಂದು ತೋರಿಸುವ ದಾಖಲೆಯೊಂದಿಗೆ ಹಸ್ತಾಂತರಿಸುವುದಷ್ಟೇ ಅದರ ಕೆಲಸ. ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ: ನಿಮ್ಮ ಎರಡನೆಯ ಆಯ್ಕೆಯನ್ನು ನಾವು ಕಟ್ಟಿ, ಮಾರಿ, ಕೈಸುಟ್ಟುಕೊಂಡಿದ್ದೇವೆ.

ಆಗ ನಾನು ಹೊರವರ್ತುಲ ರಸ್ತೆಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಮಧ್ಯಮ ಗಾತ್ರದ ಸಂಸ್ಥೆಗಳಿಗೆ ಓಪನ್‌ಸ್ಟ್ಯಾಕ್ ಎಂಬ ಮುಕ್ತ ಕ್ಲೌಡ್ ತಂತ್ರಾಂಶ ಮತ್ತು ಕೆವಿಎಂ ಹೈಪರ್‌ವೈಸರ್ ಮೇಲೆ ಖಾಸಗಿ ಕ್ಲೌಡ್ ನಡೆಸಿಕೊಡುತ್ತಿದ್ದೆವು. ಡ್ಯಾಶ್‌ಬೋರ್ಡ್‌ನಲ್ಲಿ ‘ಫೊರೆನ್ಸಿಕ್’ ಎಂಬ ಟ್ಯಾಬ್ ಸೇರಿಸಿದೆವು. ಗುಂಡಿ ಒತ್ತಿದರೆ ವಿಎಂ ನಿಲ್ಲುತ್ತಿತ್ತು, ಅದರ ಡಿಸ್ಕಿನ ಪ್ರತಿ (ಸ್ನ್ಯಾಪ್‌ಶಾಟ್) ಓಪನ್‌ಸ್ಟ್ಯಾಕ್‌ನ ಇಮೇಜ್ ಭಂಡಾರವಾದ ಗ್ಲಾನ್ಸ್ ಸೇರುತ್ತಿತ್ತು, ಮೆಮೊರಿ ಡಂಪ್‌ನಿಂದ ಹೆಕ್ಕಿದ ಪ್ರೊಸೆಸ್‌ಗಳ ಪಟ್ಟಿ ಮತ್ತು ನೆಟ್‌ವರ್ಕ್ ಸಂಪರ್ಕಗಳ ಪಟ್ಟಿ ಪರದೆಯ ಮೇಲೆ ಮೂಡುತ್ತಿತ್ತು. ಡೆಮೊದಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತಿದ್ದುದರಿಂದ ಮಾರಾಟದವರಿಗೆ ಅಚ್ಚುಮೆಚ್ಚಾಗಿತ್ತು.

ಪೀಣ್ಯದ ಗ್ರಾಹಕರೊಬ್ಬರಿಗೆ ಅದು ನಿಜವಾಗಿಯೂ ಬೇಕಾಗಿ ಬಂತು. ಕೆಲಸ ಬಿಟ್ಟುಹೋದ ನೌಕರರೊಬ್ಬರು ಲೆಕ್ಕಪತ್ರದ ಸರ್ವರ್‌ಗೆ ನುಗ್ಗಿ ಬಿಲ್ಲುಗಳನ್ನು ತಿದ್ದಿದ್ದಾರೆ ಎಂಬುದು ಅವರ ದೂರು. ಅವರು ಗುಂಡಿ ಒತ್ತಿದರು, ಹಸಿರು ಟಿಕ್ ಬಂತು. ಸಾಕ್ಷ್ಯ ಭದ್ರವಾಯಿತೆಂದು ನಂಬಿ ಹಳೆಯ ವಿಎಂ ಅಳಿಸಿ, ಹೊಸದನ್ನು ಕಟ್ಟಿಕೊಂಡು ಕೆಲಸ ಮುಂದುವರಿಸಿದರು. ಕೆಲವು ವಾರಗಳ ನಂತರ ಅವರ ವಕೀಲರ ಕಚೇರಿಯಿಂದ ನನಗೆ ಕರೆ ಬಂತು.

ವಕೀಲರ ಮೇಜಿನ ಮೇಲೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಡಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಿತ್ತು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಬಂದಿರುವುದು ಇದೇ. ಇದರ ಭಾಗ ‘ಎ’ಯನ್ನು ದಾಖಲೆ ಹಾಜರುಪಡಿಸುವವರೂ, ಭಾಗ ‘ಬಿ’ಯನ್ನು ತಜ್ಞರೂ ತುಂಬಬೇಕು. ಸಾಧನದ ಪಟ್ಟಿಯಲ್ಲಿ ಮೊಬೈಲ್, ಡಿವಿಆರ್, ಸರ್ವರ್‌ಗಳ ಸಾಲಿನಲ್ಲೇ ‘ಕ್ಲೌಡ್’ ಎಂಬ ಚೌಕವೂ ಇದೆ. ಅದರ ಕೆಳಗೆ ತಯಾರಕರು, ಮಾಡೆಲ್, ಬಣ್ಣ. ಬಣ್ಣದ ಜಾಗದಲ್ಲಿ ಏನು ಬರೆಯಬೇಕೆಂದು ಅವರು ನಗದೆ ಕೇಳಿದರು. ಆ ನಂತರ ಹ್ಯಾಶ್ ಮೌಲ್ಯದ, ಅಂದರೆ ಒಂದು ಬೈಟ್ ಬದಲಾದರೂ ಬದಲಾಗಿಬಿಡುವ ಬೆರಳಚ್ಚಿನಂತಹ ಸಂಖ್ಯೆಯ, ಸಾಲಿಗೆ ಬಂದರು.

“ಈ ಹ್ಯಾಶ್ ಯಾವುದರದ್ದು ಸರ್?”

“ಸ್ನ್ಯಾಪ್‌ಶಾಟ್ ಇಮೇಜಿನದ್ದು ಮೇಡಂ.”

“ಸರ್ವರ್‌ನ ಡಿಸ್ಕಿನದ್ದಲ್ಲವೇ?”

“ಡಿಸ್ಕಿನಿಂದ ತಯಾರಾದ ಇಮೇಜಿನದ್ದು.”

“ತಯಾರು ಮಾಡಿದ್ದು ಯಾರು? ಎಲ್ಲಿ? ಆ ಹೊತ್ತಿನಲ್ಲಿ ಅದನ್ನು ಮುಟ್ಟಲು ಯಾರ್ಯಾರಿಗೆ ಸಾಧ್ಯವಿತ್ತು?”

ನಮ್ಮ ವಿನ್ಯಾಸ ದಾರಿ ತಪ್ಪಿದ್ದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2018ರ ರಾಕಿ ಆವೃತ್ತಿಯಿಂದ ಗ್ಲಾನ್ಸ್ ಪ್ರತಿಯೊಂದು ಇಮೇಜಿಗೂ ತಾನೇ ಹ್ಯಾಶ್ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ, ಡೀಫಾಲ್ಟ್ ಎಸ್‌ಎಚ್‌ಎ-512. ಸಿದ್ಧವಾಗಿ ಸಿಗುವ ಹ್ಯಾಶನ್ನು ಮತ್ತೆ ಯಾಕೆ ಲೆಕ್ಕ ಹಾಕಬೇಕೆಂದು ನಾವು ಅದನ್ನೇ ಬಳಸಿದೆವು. ಆದರೆ ಗ್ಲಾನ್ಸ್ ಲೆಕ್ಕ ಹಾಕುವುದು ತನಗೆ ಬಂದು ತಲುಪಿದ ಬೈಟ್‌ಗಳಿಗೆ ಮಾತ್ರ. ಅದಕ್ಕೂ ಮುಂಚೆ, ವಿಎಂಗಳನ್ನು ನಿರ್ವಹಿಸುವ ನೋವಾ, ವಿಎಂ ಓಡುವ ಯಂತ್ರದ (ಕಂಪ್ಯೂಟ್ ನೋಡ್) ಸ್ಥಳೀಯ ಡಿಸ್ಕಿನಲ್ಲಿದ್ದ ಕ್ಯೂಕೌ2 ಎಂಬ ವರ್ಚುವಲ್ ಡಿಸ್ಕ್ ಕಡತವನ್ನು ಅದೇ ನೋಡ್‌ನ ತಾತ್ಕಾಲಿಕ ಡೈರೆಕ್ಟರಿಗೆ ಕ್ಯೂಎಮು-ಇಮೇಜ್ ಸಾಧನದ ಮೂಲಕ ಪರಿವರ್ತಿಸಿ, ಆಮೇಲಷ್ಟೇ ನೆಟ್‌ವರ್ಕ್ ಮೇಲೆ ಕಳುಹಿಸಿತ್ತು. ದೊಡ್ಡ ಡಿಸ್ಕಾದರೆ ಈ ಕೆಲಸಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಆ ಕಡತ ಯಾವ ಮುದ್ರೆಯೂ ಇಲ್ಲದೆ, ನಮ್ಮ ಆಪರೇಷನ್ಸ್ ತಂಡದ ಎಲ್ಲರಿಗೂ ರೂಟ್ ಪ್ರವೇಶವಿದ್ದ ಯಂತ್ರದಲ್ಲಿ ಕುಳಿತಿತ್ತು. ಸ್ಥಳದಲ್ಲೇ ಪಂಚರ ಎದುರು ಬರೆಯಬೇಕಾದ ಮಹಜರನ್ನು ಠಾಣೆಗೆ ಬಂದು ಬರೆದಂತಾಗಿತ್ತು ನಮ್ಮ ಕತೆ.

ಹೋಗಲಿ, ಮೂಲ ಕ್ಯೂಕೌ2 ಕಡತದ ಹ್ಯಾಶ್ ಇದ್ದಿದ್ದರೆ ಸಾಕಾಗುತ್ತಿತ್ತೇ ಎಂದರೆ ಅದೂ ಇಲ್ಲ. ಪರಿವರ್ತನೆಯಾದೊಡನೆ ಕಡತದ ಒಳರಚನೆ ಬದಲಾಗುತ್ತದೆ, ಹ್ಯಾಶ್ ಹೊಂದುವುದೇ ಇಲ್ಲ. ಎದುರು ಪಕ್ಷದ ವಕೀಲರಿಗೆ ಎರಡು ಬೇರೆ ಬೇರೆ ಸಂಖ್ಯೆಗಳನ್ನು ನಾವೇ ಕೈಗಿತ್ತಂತೆ. ಬದಲಾಗದೆ ಉಳಿಯುವುದು ಗೆಸ್ಟ್‌ಗೆ (ವಿಎಂ ಒಳಗಿನ ವ್ಯವಸ್ಥೆಗೆ) ಕಾಣುವ ಡಿಸ್ಕಿನ ವಿಷಯ, ಅಂದರೆ ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗಿನ ಕಚ್ಚಾ ಬೈಟ್‌ಗಳ ಸಾಲು. ವಿಎಂ ನಿಂತಿರುವಾಗಲೇ ಅದನ್ನು ಓಡಿಸುವ ಹೋಸ್ಟ್ ಯಂತ್ರದಲ್ಲಿ ಡಿಸ್ಕನ್ನು ಬರೆಯಲಾಗದ ರೀತಿಯಲ್ಲಿ ತೆರೆದು ಆ ಸಾಲಿಗೆ ಹ್ಯಾಶ್ ಲೆಕ್ಕ ಹಾಕಿದ್ದರೆ, ಮುಂದೆ ಇಮೇಜ್ ಯಾವ ಫಾರ್ಮ್ಯಾಟಿಗೆ ಹೋದರೂ ಅದನ್ನು ಮತ್ತೆ ಕಚ್ಚಾ ರೂಪಕ್ಕೆ ಬಿಡಿಸಿ ತಾಳೆ ನೋಡಬಹುದಿತ್ತು. ಬರೆಯಬೇಕಿದ್ದ ಕೋಡ್ ಒಂದು ಪುಟವನ್ನೂ ಮೀರುತ್ತಿರಲಿಲ್ಲ. ಪ್ರೊಸೆಸ್ ಪಟ್ಟಿಗೆ ಬಣ್ಣ ಬಳಿಯುವುದಕ್ಕೇ ನಮ್ಮ ಸಮಯವೆಲ್ಲ ಹೋಗಿತ್ತು.

ಮೂಲ ವಿಎಂ ಅಳಿದುಹೋಗಿದ್ದರಿಂದ ಮತ್ತೊಮ್ಮೆ ಸಂಗ್ರಹಿಸುವ ದಾರಿಯೂ ಇರಲಿಲ್ಲ. ಆ ಇಮೇಜನ್ನು ಆಧಾರವಾಗಿಟ್ಟುಕೊಳ್ಳುವುದು ಬೇಡವೆಂದು ವಕೀಲರು ತೀರ್ಮಾನಿಸಿದರು. ಗ್ರಾಹಕರು ಆ ವರ್ಷದ ಕರಾರು ಮುಗಿಯುತ್ತಲೇ ಬೇರೆಡೆಗೆ ಹೋದರು, ಅವರನ್ನು ದೂರುವಂತಿಲ್ಲ.

ಇನ್ನು ನೀವು ಕಟ್ಟಬೇಕಾದದ್ದರ ಬಗ್ಗೆ. ಮೊದಲು ಅಳಿಸುವಿಕೆಗೆ ತಡೆ ಹಾಕಿ. ನೋವಾದಲ್ಲಿ ಡಿಲೀಟ್ ಎಂದರೆ ಡೀಫಾಲ್ಟ್ ಆಗಿ ತಕ್ಷಣವೇ ಡಿಲೀಟ್. ತನಿಖೆಯ ಗುರುತು ಬಿದ್ದ ವಿಎಂ ಅನ್ನು ಗ್ರಾಹಕರಾಗಲಿ, ಬೇಡಿಕೆಗೆ ತಕ್ಕಂತೆ ವಿಎಂ ಏರಿಸಿ ಇಳಿಸುವ ಆಟೋಸ್ಕೇಲಿಂಗ್ ಆಗಲಿ ಅಳಿಸಲಾಗದಂತಿರಬೇಕು. ವಿಎಂ ನಿಲ್ಲಿಸಲು ಪಾಸ್ (pause) ಬಳಸಿ, ಸಸ್ಪೆಂಡ್ ಬೇಡ: ಪಾಸ್‌ನಲ್ಲಿ ಸಿಪಿಯು ಮಾತ್ರ ನಿಂತು ಮೆಮೊರಿ ಇದ್ದಲ್ಲೇ ಇರುತ್ತದೆ, ಆಗ ‘ವರ್ಶ್ ಡಂಪ್’ ಆದೇಶದಿಂದ ಮೆಮೊರಿಯನ್ನಷ್ಟೇ ಈಎಲ್‌ಎಫ್ ಕಡತವಾಗಿ ತೆಗೆಯಬಹುದು. ಮೊದಲು ಮೆಮೊರಿ, ನಂತರ ಡಿಸ್ಕು. ಫೈಲ್‌ಸಿಸ್ಟಮ್ ಸ್ತಬ್ಧಗೊಳಿಸಲೆಂದು ಗೆಸ್ಟ್ ಏಜೆಂಟನ್ನು ಕರೆಯುವ ಚಪಲ ಬೇಡ, ಏಕೆಂದರೆ ಅದು ಓಡುವುದು ದಾಳಿಕೋರ ಕುಳಿತಿರಬಹುದಾದ ಯಂತ್ರದೊಳಗೆ. ಗುಂಡಿ ಒತ್ತಿದ್ದು ಯಾರು, ಯಾವಾಗ, ಯಾವ ನೋಡ್‌ನಲ್ಲಿ ಎಂಬುದು, ಹಿಂದಿನ ಸಾಲಿನ ಹ್ಯಾಶನ್ನು ಮುಂದಿನ ಸಾಲು ಹೊತ್ತಿರುವ ಲಾಗ್‌ನಲ್ಲಿ ದಾಖಲಾಗಲಿ. ಆ ಲಾಗ್ ಆಪರೇಷನ್ಸ್ ತಂಡದ ಕೈಗೆಟುಕದ ಯಂತ್ರದಲ್ಲಿರಲಿ.

ಇದರಲ್ಲಿ ನಾವು ಹೊಸದಾಗಿ ಕಂಡುಹಿಡಿದದ್ದೇನೂ ಇಲ್ಲ. ಸಂಶೋಧಕರಾದ ಡೈಕ್‌ಸ್ಟ್ರಾ ಮತ್ತು ಶರ್ಮನ್ 2013ರಲ್ಲೇ ಓಪನ್‌ಸ್ಟ್ಯಾಕ್‌ಗಾಗಿ ಫ್ರಾಸ್ಟ್ ಎಂಬ ಸಾಧನಗಳನ್ನು ರೂಪಿಸಿದ್ದರು. ಗೆಸ್ಟ್‌ನ ಸಹವಾಸಕ್ಕೇ ಹೋಗದೆ, ನಿರ್ವಹಣಾ ಪದರದಿಂದಲೇ ವರ್ಚುವಲ್ ಡಿಸ್ಕು, ಎಪಿಐ ಲಾಗ್, ಫೈರ್‌ವಾಲ್ ಲಾಗ್‌ಗಳನ್ನು ಪಡೆದು, ಲಾಗ್‌ಗಳ ಅಖಂಡತೆಯನ್ನು, ಹ್ಯಾಶ್‌ಗಳನ್ನು ಮರದಂತೆ ಜೋಡಿಸುವ ಮರ್ಕಲ್ ಟ್ರೀಯಿಂದ ಪರಿಶೀಲಿಸುವುದು ಅದರ ವಿಧಾನ. ಅವರೂ ಒತ್ತು ಕೊಟ್ಟದ್ದು ಸಂಗ್ರಹಕ್ಕೆ ಎಂಬುದನ್ನು ಗಮನಿಸಿ.

ಲಾಗ್‌ಗಳ ವಿಷಯದಲ್ಲಿ ನಿಮಗೆ ಆಯ್ಕೆಯೂ ಇಲ್ಲ. ದೇಶದ ಸೈಬರ್ ಭದ್ರತಾ ತುರ್ತು ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು, ನಿರ್ದಿಷ್ಟ ಬಗೆಯ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ (ಎನ್‌ಪಿಎಲ್) ಸಮಯಕ್ಕೆ ಹೊಂದಿರಬೇಕು. ಒಂದು ಲಾಗ್ ಯುಟಿಸಿಯಲ್ಲಿ, ಇನ್ನೊಂದು ಭಾರತೀಯ ಸಮಯದಲ್ಲಿದ್ದರೆ ಆ ಐದೂವರೆ ಗಂಟೆಯನ್ನು ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಲಿಬ್‌ವಿಎಂಐ ಬಗ್ಗೆ ನನಗೆ ಗೌರವವಿದೆ. ಮಾಲ್‌ವೇರ್ ಸಂಶೋಧನೆಗೆ ಅದು ಅಮೂಲ್ಯ. ಆದರೆ ಗೆಸ್ಟ್‌ನ ಪ್ರತಿಯೊಂದು ಕರ್ನಲ್ ಆವೃತ್ತಿಗೂ ಪ್ರೊಫೈಲ್ ಹೊಂದಿಸುತ್ತ ಕೂರಲು ಸಣ್ಣ ತಂಡಕ್ಕೆ ಆಗುವುದಿಲ್ಲ, ಎಎಂಡಿ ಎಸ್‌ಇವಿಯಂತಹ ವ್ಯವಸ್ಥೆಯಲ್ಲಿ ಹೋಸ್ಟ್‌ಗೆ ಸಿಗುವುದು ಗೂಢಲಿಪೀಕರಿಸಿದ ಮೆಮೊರಿ ಮಾತ್ರ. ವೊಲಾಟಿಲಿಟಿಯನ್ನು ತಜ್ಞರು ತಮ್ಮ ಯಂತ್ರದಲ್ಲಿ, ತಮಗೆ ಬೇಕಾದ ಆವೃತ್ತಿಯಲ್ಲಿ ಓಡಿಸಿಕೊಳ್ಳುತ್ತಾರೆ. ಪ್ರಕರಣ ಪೊಲೀಸರ ಕೈಗೆ ಹೋಗಿ ಇಮೇಜ್ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ತಲುಪಿದರೆ, ಅಲ್ಲಿನವರು ನಿಮ್ಮ ಡ್ಯಾಶ್‌ಬೋರ್ಡ್ ತೆರೆದು ನೋಡುವುದಿಲ್ಲ. ಹಾಗಾಗಿ ಮುಂದಿನ ಸ್ಪ್ರಿಂಟ್‌ನಲ್ಲಿ, ಅಂದರೆ ಮುಂದಿನ ಕೆಲಸದ ಸುತ್ತಿನಲ್ಲಿ, ವಿಶ್ಲೇಷಣೆಯ ಟಿಕೆಟ್‌ಗಳನ್ನೆಲ್ಲ (ಮಾಡಬೇಕಾದ ಕೆಲಸಗಳನ್ನು) ಪಕ್ಕಕ್ಕಿಟ್ಟು, ಪ್ರಯೋಗಕ್ಕೆಂದು ಒಂದು ವಿಎಂ ಸಂಗ್ರಹಿಸಿ, ಅದರ ಪ್ರಮಾಣಪತ್ರದ ಭಾಗ ‘ಎ’ಯನ್ನು ನಿಮ್ಮ ತಂಡದವರಿಂದಲೇ ತುಂಬಿಸಿ ನೋಡಿ. ಅವರ ಪೆನ್ನು ಯಾವ ಸಾಲಿನಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಮೊದಲ ಟಿಕೆಟ್ ಆಗಲಿ.