ಮೊದಲು ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿ: ಕಾರಿಲ್ಲದೆ ಒಂದು ದಿನದ ಬೆಟ್ಟದ ಪ್ರವಾಸ

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಕಾರಿಲ್ಲ. ಅಮ್ಮನಿಗೆ 63 ವರ್ಷ, ಮಂಡಿನೋವು ಸ್ವಲ್ಪ ಇದೆ. ಮಗಳಿಗೆ 9. ಒಂದು ದಿನದಲ್ಲಿ ಬೆಟ್ಟದ ಊರಿಗೆ ಹೋಗಿಬರಬೇಕು ಅಂತ ಆಸೆ. ಮಡಿಕೇರಿ ಅಥವಾ ಸಕಲೇಶಪುರ ಮನಸ್ಸಿನಲ್ಲಿದೆ. ನಸುಕಿಗೇ ಹೊರಟರೆ ರಾತ್ರಿ ಮನೆ ಸೇರಬಹುದಾ?

ಉತ್ತರ: ಮಡಿಕೇರಿ ಬೇಡ. ಸುಮ್ನೆ ಲೆಕ್ಕ ಹಾಕಿ ನೋಡಿ. ಸುಮಾರು 260 ಕಿಲೋಮೀಟರ್ ದಾರಿ, ಬಸ್ಸಿಗೆ ಹತ್ತಿರ ಹತ್ತಿರ ಆರು ಗಂಟೆ ಬೇಕು. 5ಕ್ಕೆ ಹತ್ತಿದರೆ 11ಕ್ಕೆ ಇಳಿಯುತ್ತೀರಿ. ರಾತ್ರಿ 9ಕ್ಕೆ ಬೆಂಗಳೂರು ಸೇರಬೇಕಾದರೆ 3ಕ್ಕೆ ವಾಪಸ್ ಹತ್ತಬೇಕು. ಊರಿನಲ್ಲಿ ನಾಲ್ಕು ಗಂಟೆ, ಸೀಟಿನಲ್ಲಿ ಹನ್ನೆರಡು ಗಂಟೆ. ಆ ನಾಲ್ಕರಲ್ಲಿ ಊಟಕ್ಕೆ ಒಂದು ಹೋಗುತ್ತದೆ. ಮಂಡಿನೋವಿನ ಅಮ್ಮನಿಗೆ ಇದು ಪ್ರವಾಸವಲ್ಲ, ಶಿಕ್ಷೆ. ಮಡಿಕೇರಿಗೆ ಒಂದು ರಾತ್ರಿಯಾದರೂ ಉಳಿಯುವ ಹಾಗೆ ಹೋಗಿ.

ಸಕಲೇಶಪುರ ಸುಮಾರು 220 ಕಿಲೋಮೀಟರ್, ನಾಲ್ಕೂವರೆಯಿಂದ ಐದು ಗಂಟೆ. ವಯಸ್ಸಿನ ಹುಡುಗರು ಮಾಡಿಯಾರು. ಊರಿನಿಂದ ಮಂಗಳೂರು ದಿಕ್ಕಿಗೆ ಸ್ವಲ್ಪ ದೂರ ಹೋದರೆ ಮಂಜರಾಬಾದ್ ಕೋಟೆ. ಟಿಪ್ಪು ಕಾಲದ್ದು, 1792ರಲ್ಲಿ ಮುಗಿದದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ಬಸ್ಸಿನವರಿಗೂ ಸುಲಭ. ಆದರೆ ಮೆಟ್ಟಿಲುಗಳಿವೆ, ಅಮ್ಮನಿಗೆ ಕಷ್ಟ.

ಸಕಲೇಶಪುರದ ರೈಲಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅನೇಕರು ಇಲ್ಲಿ ನಿರಾಸೆಪಟ್ಟಿದ್ದಾರೆ. ಮಂಗಳೂರಿನ ಹಗಲು ರೈಲು, ಗಾಜಿನ ಬೋಗಿ, ಸುರಂಗ, ಸೇತುವೆ ಎಂದೆಲ್ಲ ಕೇಳಿ ಸಕಲೇಶಪುರಕ್ಕೆ ಟಿಕೆಟ್ ತೆಗೆಸುತ್ತಾರೆ. ಆ 57 ಸುರಂಗಗಳ ಘಟ್ಟ ಇರುವುದು ಸಕಲೇಶಪುರ ದಾಟಿದ ಮೇಲೆ, ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ. ನೀವು ಇಳಿದು ಚೀಲ ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ ನಿಜವಾದ ನೋಟ ಶುರುವಾಗುತ್ತದೆ! ಅದಕ್ಕೆ ಬೇರೆ ದಿನ, ಬೇರೆ ಯೋಜನೆ.

ಹಾಗಾದರೆ ಎಲ್ಲಿಗೆ? ಅದಕ್ಕೂ ಮೊದಲು ಹೇಗೆ ಯೋಚಿಸಬೇಕು ಅಂತ ಹೇಳುತ್ತೇನೆ. ನಾವೆಲ್ಲ ಬೆಳಗಿನ ಬಸ್ಸಿನಿಂದ ಲೆಕ್ಕ ಶುರು ಮಾಡುತ್ತೇವೆ. ಅದು ತಿರುಗಾ ಮುರುಗಾ. ಶುರು ಮಾಡಬೇಕಾದದ್ದು ಬೆಟ್ಟದಿಂದ ಇಳಿಯುವ ಕೊನೆಯ ಬಸ್ಸಿನಿಂದ.

ಬೆಂಗಳೂರಿನ ಸುತ್ತ ಪ್ರತಿ ಬೆಟ್ಟಕ್ಕೂ ಒಂದು ದೊಡ್ಡ ಸ್ಟ್ಯಾಂಡ್ ಇದೆ. ನಂದಿಗೆ ಚಿಕ್ಕಬಳ್ಳಾಪುರ, ದೇವರಾಯನದುರ್ಗಕ್ಕೆ ತುಮಕೂರು, ಶಿವಗಂಗೆಗೆ ದಾಬಸ್‌ಪೇಟೆ. ಅಲ್ಲಿಂದ ಬೆಂಗಳೂರಿಗೆ ಬರುವುದು ಕಷ್ಟವೇ ಅಲ್ಲ. ತುಮಕೂರಿನಲ್ಲಂತೂ ಉತ್ತರ ಕರ್ನಾಟಕದ ಗಾಡಿಗಳು ರಾತ್ರಿಯೆಲ್ಲ ಹಾದುಹೋಗುತ್ತವೆ. ಕಷ್ಟ ಇರುವುದು ಬೆಟ್ಟಕ್ಕೂ ಆ ಸ್ಟ್ಯಾಂಡಿಗೂ ನಡುವಿನ ಹತ್ತಿಪ್ಪತ್ತು ಕಿಲೋಮೀಟರ್‌ನಲ್ಲಿ. ಅಲ್ಲಿ ದಿನಕ್ಕೆ ಬೆರಳೆಣಿಕೆಯ ಬಸ್ಸು. ಆ ತುಂಡನ್ನು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ಇದನ್ನು ನಾನು ಕಲಿತದ್ದು ದೇವರಾಯನದುರ್ಗದಲ್ಲಿ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಕೆಳಗೆ ಭೋಗನರಸಿಂಹ, ತುದಿಯಲ್ಲಿ ಯೋಗನರಸಿಂಹ. ಮೇಲಿನ ಗುಡಿಯ ಹಿಂದೆ ಬಂಡೆಯ ಮೇಲೆ ಕೂತಿದ್ದೆ. ಸಂಜೆ ಬಿಸಿಲು ಕಾಡಿನ ಮೇಲೆ ಜಾರುತ್ತಿತ್ತು, ಏಳಲು ಮನಸ್ಸಾಗಲಿಲ್ಲ. ಕೆಳಗೆ ಬರುವಷ್ಟರಲ್ಲಿ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ಬೀಗ ಹಾಕುತ್ತಿದ್ದ ಅಂಗಡಿಯ ಅಜ್ಜಿ, ‘ಇನ್ನೆಲ್ಲಿ ಬಸ್ಸಪ್ಪ, ಬೆಳಿಗ್ಗೆನೇ’ ಅಂದರು. ಕತ್ತಲಲ್ಲಿ ಎರಡು ಮೈಲಿ ನಡೆದೆ. ಕೊನೆಗೆ ಹಾಲಿನ ಗಾಡಿಯೊಂದು ನಿಲ್ಲಿಸಿತು. ಖಾಲಿ ಕ್ಯಾನುಗಳ ನಡುವೆ ಕಾಲು ಮಡಚಿ ಕೂತು ತುಮಕೂರು ಸೇರಿದೆ. ಕಾಡಿನ ದಾರಿ ಅದು, ಒಬ್ಬನೇ ಇದ್ದೆ ಸರಿ. ಜೊತೆಗೆ ಅಮ್ಮನೋ ಮಗುವೋ ಇದ್ದಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅದಕ್ಕೇ ಬೆಟ್ಟದ ಮೇಲೆ ಇಳಿಯುವಾಗ ಕಂಡಕ್ಟರನ್ನು ಎರಡು ಪ್ರಶ್ನೆ ಕೇಳಿ: ‘ಇದೇ ಗಾಡಿ ತಿರುಗಿ ಬರುತ್ತಾ? ಕೊನೇದು ಎಷ್ಟಕ್ಕೆ?’ ಆಮೇಲೆ ಅದನ್ನೇ ಎದುರಿನ ಟೀ ಅಂಗಡಿಯಲ್ಲೂ ಕೇಳಿ. ಇಬ್ಬರ ಉತ್ತರವೂ ಒಂದೇ ಆದರೆ ನಿಶ್ಚಿಂತೆ. ಬೇರೆ ಬೇರೆಯಾದರೆ ಮುಂಚಿನ ಸಮಯವನ್ನೇ ನಂಬಿ. ಮತ್ತೆ, ಕೊನೆಯ ಬಸ್ಸಿಗೆ ಹತ್ತಬೇಡಿ, ಅದರ ಹಿಂದಿನದಕ್ಕೆ ಹತ್ತಿ. ಕೊನೆಯದು ಕೆಟ್ಟ ಕಾಲಕ್ಕೆ ಇರಲಿ.

ನಿಮ್ಮ ಮನೆಗೆ ನನ್ನ ಸಲಹೆ ನಂದಿ. ‘ಅದೇ ನಂದಿನಾ’ ಅನ್ನಬೇಡಿ. 1478 ಮೀಟರ್ ಎತ್ತರ, ಮೆಜೆಸ್ಟಿಕ್‌ನಿಂದ ಸುಮಾರು 60 ಕಿಲೋಮೀಟರ್, ಬಸ್ಸು ಬೆಟ್ಟದ ತುದಿಯವರೆಗೂ ಹೋಗುತ್ತದೆ. ಅಮ್ಮ ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ. ಸುಲ್ತಾನಪೇಟೆ ಕಡೆಯಿಂದ ಸಾವಿರಕ್ಕೂ ಜಾಸ್ತಿ ಮೆಟ್ಟಿಲಿನ ಹಳೆಯ ದಾರಿ ಇದೆ, ಅದು ನಿಮಗಲ್ಲ.

ವಿಜಯನಗರದಿಂದ ನೇರಳೆ ಮೆಟ್ರೊ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿಯಿರಿ. ಭಾನುವಾರ ಮೆಟ್ರೊ ಸಾಮಾನ್ಯವಾಗಿ 7ಕ್ಕೆ ಶುರು, ಇದನ್ನು ಮರೆತು ಬೆಳಗಿನ ಬಸ್ಸು ತಪ್ಪಿಸಿಕೊಂಡವರು ಬಹಳ. ನಂದಿಗೆ ನೇರ ಬಸ್ಸು ಕಡಿಮೆ. ಸಿಗದಿದ್ದರೆ ಕಾಯಬೇಡಿ, ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಅಲ್ಲಿಂದ ಬೆಟ್ಟದ ಬಸ್ಸು ಹಿಡಿಯಿರಿ. ಸಾಧ್ಯವಾದರೆ ವಾರದ ದಿನವೇ ಹೋಗಿ. ಶನಿವಾರ, ಭಾನುವಾರ ಕಾರು ಬೈಕುಗಳ ಸಾಲಿನ ಹಿಂದೆ ಬಸ್ಸೂ ನಿಲ್ಲಬೇಕಾಗುತ್ತದೆ. ರಸ್ತೆ ಕೆಲಸಕ್ಕೆ ಅಂತ ಬೆಟ್ಟ ಮುಚ್ಚುವುದೂ ಉಂಟು, ಹಿಂದಿನ ದಿನ ವಿಚಾರಿಸಿಕೊಳ್ಳಿ.

ಬಸ್ಸಿನಲ್ಲಿ ಹೋದರೆ ಸೂರ್ಯೋದಯ ಸಿಗುವುದಿಲ್ಲ. ಅದಕ್ಕೆ ಬೇಜಾರು ಬೇಡ. ಚಳಿಗಾಲದಲ್ಲಿ ಒಂಬತ್ತರವರೆಗೂ ಮಂಜು ಕೂತಿರುತ್ತದೆ, ಸೂರ್ಯ ನೋಡಲು ಬಂದವರು ಬಿಳಿ ಗೋಡೆ ನೋಡಿ ಹೊರಟಿರುತ್ತಾರೆ. ಅವರು ಇಳಿಯುವಾಗ ನೀವು ಹತ್ತುತ್ತೀರಿ, ಬೆಟ್ಟ ನಿಮ್ಮದು. ತಿಂಡಿಯ ಪ್ಲಾಸ್ಟಿಕ್ ಕವರ್ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಕೋತಿಗಳಿಗೆ ಅದರ ಸದ್ದೇ ಸಾಕು. ಜಿಪ್ ಇರುವ ಚೀಲದೊಳಗೆ ಡಬ್ಬಿ ಇರಲಿ.

ಒಂದು ಗಂಟೆಯ ಹೊತ್ತಿಗೆ ಬೆಟ್ಟ ಇಳಿದುಬಿಡಿ. ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ನನ್ನ ಕೇಳಿದರೆ ಇಡೀ ದಿನದ ತಿರುಳು ಅದೇ. ಒಂಬತ್ತನೇ ಶತಮಾನದಷ್ಟು ಹಳೆಯದು. ಅರುಣಾಚಲೇಶ್ವರ, ಭೋಗನಂದೀಶ್ವರ ಎರಡು ಗುಡಿಗಳು ಅಕ್ಕಪಕ್ಕ, ನಡುವೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಮಗಳನ್ನು ಆ ಕಂಬಗಳ ಹತ್ತಿರ ಕರೆದುಕೊಂಡು ಹೋಗಿ. ಶಿವ ಪಾರ್ವತಿ, ವಿಷ್ಣು ಲಕ್ಷ್ಮಿ, ಬ್ರಹ್ಮ ಸರಸ್ವತಿ ಜೋಡಿಜೋಡಿಯಾಗಿ ನಿಂತಿದ್ದಾರೆ. ಯಾರು ಯಾರು ಅಂತ ಗುರುತು ಹಿಡಿಯಲು ಹೇಳಿ, ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಅಮ್ಮ ಅಷ್ಟು ಹೊತ್ತು ಕಲ್ಯಾಣಿಯ ಪಕ್ಕದ ನೆರಳಿನಲ್ಲಿ ಕೂತಿರಬಹುದು. ನಾಲ್ಕಕ್ಕೆ ಎದ್ದು ಚಿಕ್ಕಬಳ್ಳಾಪುರಕ್ಕೆ ಬಸ್ಸೋ ಆಟೋವೋ ಹಿಡಿದರೆ, ಏಳೂವರೆ ಎಂಟಕ್ಕೆ ಮನೆ.

ಬಸ್ಸು ಸಾಕು, ರೈಲೇ ಬೇಕು ಅಂದರೆ ಚಿಕ್ಕಬಳ್ಳಾಪುರದ ಮಾರ್ಗದಲ್ಲಿ ನಂದಿ ಹಾಲ್ಟ್ ಅಂತ ಪುಟ್ಟ ಕಲ್ಲಿನ ನಿಲ್ದಾಣ ಇದೆ. 1915ರಲ್ಲಿ ನ್ಯಾರೋ ಗೇಜ್ ಆಗಿ ಶುರುವಾದ ಮಾರ್ಗ ಅದು. ದೇವಸ್ಥಾನ ಅಲ್ಲಿಂದ ಹತ್ತಿರ. ಆದರೆ ದಿನಕ್ಕೆ ಕೆಲವೇ ರೈಲು, ಸಮಯ ನೋಡದೆ ಹೊರಡಬೇಡಿ.

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಕೆಲಸ. ನಾವು ನಾಲ್ವರು ಗೆಳತಿಯರು. ನಂದಿ ನೋಡಿ ನೋಡಿ ಸಾಕಾಗಿದೆ. ರೈಲಿನಲ್ಲಿ ಹೋಗಿ ಒಂದೇ ದಿನದಲ್ಲಿ ಬರಬಹುದಾದ ನಿಜವಾದ ಬೆಟ್ಟದ ಊರು ಯಾವುದು?

ಉತ್ತರ: ಯೆಲಗಿರಿ. ತಮಿಳುನಾಡಿನದು, ಆದರೆ ನಿಮಗೆ ಚಿಕ್ಕಮಗಳೂರಿಗಿಂತ ಹತ್ತಿರ. ಚೆನ್ನೈ ಕಡೆಯ ಅನೇಕ ರೈಲುಗಳು ಜೋಲಾರ್‌ಪೇಟೆಯಲ್ಲಿ ನಿಲ್ಲುತ್ತವೆ. ನೀವು ಮೆಜೆಸ್ಟಿಕ್‌ಗೆ ಬರುವುದೇ ಬೇಡ. ಮೆಟ್ರೊದಲ್ಲಿ ಕೆ.ಆರ್. ಪುರಕ್ಕೆ ಬಂದು ಅಲ್ಲಿಂದ ಹತ್ತಿ. ಎರಡು ಗಂಟೆ ಚಿಲ್ಲರೆ ಪ್ರಯಾಣ. ಜೋಲಾರ್‌ಪೇಟೆಯಿಂದ ಬೆಟ್ಟಕ್ಕೆ ಬಸ್ಸು, ಆಟೋ ಎರಡೂ ಸಿಗುತ್ತವೆ. ನಾಲ್ವರಿದ್ದೀರಿ ಅಲ್ವಾ, ಬಸ್ಸು ತಡವಾದರೆ ಆಟೋ ಹಂಚಿಕೊಂಡರೂ ಹೊರೆಯಾಗುವುದಿಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವು, ಮೇಲೆ ಸುಮಾರು 1100 ಮೀಟರ್ ಎತ್ತರದಲ್ಲಿ ಪುಂಗನೂರು ಕೆರೆ, ಸ್ವಾಮಿಮಲೈಗೆ ಚಾರಣದ ದಾರಿ. ಊಟಿಯ ಚಳಿ ನಿರೀಕ್ಷಿಸಬೇಡಿ. ತಂಪಾದ, ಗಡಿಬಿಡಿ ಇಲ್ಲದ ಸಣ್ಣ ಊರು ಅದು, ಅಷ್ಟೇ ಅದರ ಚೆಂದ.

ಒಂದು ಎಚ್ಚರ. ವಾಪಸ್ ರೈಲಿಗೆ ಸೀಟು ಮೊದಲೇ ಕಾಯ್ದಿರಿಸಿ. ಭಾನುವಾರ ಸಂಜೆ ಬೆಂಗಳೂರಿಗೆ ಬರುವ ಸಾಮಾನ್ಯ ಬೋಗಿಯಲ್ಲಿ ಬಾಗಿಲ ಹತ್ತಿರ ಕಾಲಿಡಲೂ ಜಾಗ ಇರುವುದಿಲ್ಲ. ಶನಿವಾರ ಹೋದರೆ ಇನ್ನೂ ಒಳ್ಳೆಯದು. ರೈಲಿನ ಸಮಯಕ್ಕಿಂತ ಎರಡು ಗಂಟೆ ಮೊದಲೇ ಬೆಟ್ಟದಿಂದ ಇಳಿಯಲು ಹೊರಡಿ.

ಪ್ರಶ್ನೆ: ಈ ಎಲ್ಲ ಕಡೆಗೂ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯುತ್ತದಾ? ತಿರುವಿನ ರಸ್ತೆಯಲ್ಲಿ ವಾಂತಿ ಬರುವವರಿಗೆ ಏನು ಮಾಡುವುದು?

ಉತ್ತರ: 2023ರ ಜೂನ್ 11ರಿಂದ ಕರ್ನಾಟಕದೊಳಗಿನ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಹಣ ಇಲ್ಲ. ನಂದಿ, ದೇವರಾಯನದುರ್ಗ, ಸಕಲೇಶಪುರ ಎಲ್ಲಕ್ಕೂ ನಡೆಯುತ್ತದೆ. ರಾಜಹಂಸ, ಐರಾವತದಂಥ ಗಾಡಿಗಳಿಗೆ, ಹೊರ ರಾಜ್ಯಕ್ಕೆ ಹೋಗುವ ಬಸ್ಸುಗಳಿಗೆ ಇಲ್ಲ. ಮೂಲ ಗುರುತಿನ ಚೀಟಿ ಜೊತೆಗಿರಲಿ, ಜೆರಾಕ್ಸ್ ನೆಚ್ಚಿಕೊಳ್ಳಬೇಡಿ. ಶೂನ್ಯ ಟಿಕೆಟ್ ಕೊಡುತ್ತಾರೆ, ಇಳಿಯುವವರೆಗೂ ಅದನ್ನು ಇಟ್ಟುಕೊಳ್ಳಿ.

ವಾಂತಿ ಬರುವವರು ಹಿಂದಿನ ಸೀಟಿನಲ್ಲಿ ಕೂರಲೇಬಾರದು. ತಿರುವಿನಲ್ಲಿ ಬಸ್ಸಿನ ಹಿಂಭಾಗ ಜಾಸ್ತಿ ಬೀಸುತ್ತದೆ. ಮುಂದಿನ ಮೂರ‍್ನಾಲ್ಕು ಸಾಲಿನಲ್ಲಿ ಕೂತು ದೂರದ ರಸ್ತೆ ನೋಡಿ, ಮೊಬೈಲ್ ನೋಡಬೇಡಿ. ಹೊಟ್ಟೆ ಪೂರ್ತಿ ಖಾಲಿ ಇದ್ದರೂ ಕಷ್ಟ, ತುಂಬಿದ್ದರೂ ಕಷ್ಟ. ಎರಡು ಇಡ್ಲಿ ಸಾಕು. ಪೂರಿ, ಮಸಾಲೆ ದೋಸೆ ವಾಪಸ್ ಬಂದ ಮೇಲೆ ತಿನ್ನಿ.