ಫ್ಲೂ ಬಂದ ಮನೆಯಲ್ಲಿ ಮಾಸ್ಕ್ ಯಾರಿಗೆ?

ಪ್ರಶ್ನೆ: ಶಾಲೆಗೆ ಹೋಗುವ ನನ್ನ ಮಗನಿಗೆ ಫ್ಲೂ ಬಂದಿದೆ. ಮನೆಯಲ್ಲಿ 74 ವರ್ಷದ, ಸಕ್ಕರೆ ಕಾಯಿಲೆಯಿರುವ ಅತ್ತೆಯವರಿದ್ದಾರೆ. ಮಾಸ್ಕ್ ಯಾರು ಧರಿಸಬೇಕು? ಕೈ ತೊಳೆದರೆ ಸಾಲದೇ?
– ಓದುಗರೊಬ್ಬರು, ಹಾಸನ

ಉತ್ತರ: ಮಾಸ್ಕ್ ಮೊದಲು ಬೇಕಾಗಿರುವುದು ನಿಮ್ಮ ಮಗನಿಗೆ. ಕೆಮ್ಮಿದಾಗ, ಸೀನಿದಾಗ ಮಾತ್ರವಲ್ಲ, ಮಾತನಾಡುವಾಗಲೂ ಹೊರಬೀಳುವ ಸೂಕ್ಷ್ಮ ಹನಿಗಳಲ್ಲಿ ವೈರಾಣು ಇರುವುದರಿಂದ, ಅವು ಗಾಳಿಗೆ ಸೇರುವ ಮೊದಲೇ ತಡೆಯುವುದು ಹೆಚ್ಚು ಫಲಕಾರಿ. ಆರೈಕೆ ಮಾಡುವ ನೀವೂ ಅವನ ಕೋಣೆಯಲ್ಲಿರುವಷ್ಟು ಹೊತ್ತು ಮೂರು ಪದರದ ಮಾಸ್ಕ್ ಧರಿಸಿ, ಕಿಟಕಿ ತೆರೆದಿಡಿ. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸದಿದ್ದರೆ ಗಾಳಿ ಪಕ್ಕದಿಂದಲೇ ನುಗ್ಗುತ್ತದೆ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮತ್ತೆ ಏರಿಸುವ ಅಭ್ಯಾಸ ಖಂಡಿತ ಬೇಡ.

ಕೈ ತೊಳೆಯುವುದೊಂದೇ ಸಾಲದು, ಆದರೆ ಅದನ್ನು ಬಿಡುವಂತೆಯೂ ಇಲ್ಲ. ಬಾಗಿಲ ಚಿಲಕ, ಮೊಬೈಲ್, ಟಿವಿ ರಿಮೋಟ್‌ಗಳಂತಹ ಗಟ್ಟಿ, ನುಣುಪು ವಸ್ತುಗಳ ಮೇಲೆ ಈ ವೈರಾಣು 48 ಗಂಟೆಗಳವರೆಗೂ ಉಳಿಯಬಲ್ಲದು. ಸೋಪು ಅದರ ಕೊಬ್ಬಿನ ಹೊದಿಕೆಯನ್ನೇ ಒಡೆಯುವುದರಿಂದ, ಬೆರಳಸಂದಿ, ಹೆಬ್ಬೆರಳು, ಉಗುರಿನ ಬುಡಗಳನ್ನು 20 ಸೆಕೆಂಡು ಚೆನ್ನಾಗಿ ಉಜ್ಜಿ ತೊಳೆಯಿರಿ. ಎಲ್ಲರೂ ಒಂದೇ ಟವೆಲಿನಲ್ಲಿ ಕೈ ಒರೆಸಿಕೊಳ್ಳುವುದನ್ನು ಇಂದೇ ನಿಲ್ಲಿಸಿ.

ಲಕ್ಷಣ ಕಾಣಿಸುವ ಒಂದು ದಿನ ಮೊದಲೇ ಫ್ಲೂ ಹರಡಲು ಶುರುವಾಗುವುದರಿಂದ ಅತ್ತೆಯವರ ಬಗ್ಗೆ ನನಗೆ ಹೆಚ್ಚು ಕಾಳಜಿಯಿದೆ. ಅವರಿಗೆ ಬೇರೆ ಕೋಣೆಯಲ್ಲಿ ಮಲಗುವ ವ್ಯವಸ್ಥೆ ಮಾಡಿ. ಜ್ವರ, ಕೆಮ್ಮು ಕಾಣಿಸಿದರೆ ಕಷಾಯದಲ್ಲಿ ದಿನ ಕಳೆಯದೆ ಕೂಡಲೇ ವೈದ್ಯರಿಗೆ ತೋರಿಸಿ. ಫ್ಲೂ ಔಷಧವನ್ನು ಮೊದಲ 48 ಗಂಟೆಗಳೊಳಗೆ ಆರಂಭಿಸಿದರೆ ಪರಿಣಾಮ ಹೆಚ್ಚು. ಮಗನನ್ನು, ಮಾತ್ರೆಯಿಲ್ಲದೆಯೇ 24 ಗಂಟೆ ಜ್ವರ ಬಾರದಿದ್ದ ಮೇಲಷ್ಟೇ ಶಾಲೆಗೆ ಕಳುಹಿಸಿ.